ಅಗ್ಗದ ಎರಡು ಕಣ್ಣುಗಳು

ಒಂದು ಕಣ್ಣನ್ನು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಲು ಯತ್ನಿಸಿದವರಿಗೆ ಎರಡನೆಯ ಕಣ್ಣಿನ ಬೆಲೆ ಏನೆಂಬುದು ತಿಳಿದಿರುತ್ತದೆ. ಒಂದೇ ಕಣ್ಣಿಗೆ ವಸ್ತುವಿನ ಆಕಾರ ಕಂಡೀತು, ಬಣ್ಣ ಕಂಡೀತು. ಅದು ಎಷ್ಟು ದೂರದಲ್ಲಿದೆ ಎಂಬುದು ಮಾತ್ರ ನಿಶ್ಚಯವಾಗಿ ತಿಳಿಯದು. ಯಂತ್ರದ ಕಣ್ಣಿನ ಸ್ಥಿತಿಯೂ ಹೀಗೆಯೇ. ಗಣಕಯಂತ್ರಕ್ಕೆ ಒಂದು ಕ್ಯಾಮರಾವನ್ನು ಜೋಡಿಸಿದರೆ ಅದು ಚಿತ್ರವನ್ನು ಕಾಣುತ್ತದೆ. ಎರಡನ್ನು ಕ್ರಮವರಿತು ಜೋಡಿಸಿದರೆ ದೂರವನ್ನೂ ಅಳೆಯಬಲ್ಲುದು.

ನಮ್ಮ ಶಾಲೆಯ ವಿಜ್ಞಾನ ಸಂಘಕ್ಕೆ ಹಳೆಯ ವಿದ್ಯಾರ್ಥಿಗಳು ಈ ವರ್ಷ ಸ್ವಲ್ಪ ಹಣವನ್ನು ಕೊಟ್ಟಿದ್ದಾರೆ. ಆ ಹಣದಿಂದ ದೂರವನ್ನು ಅಳೆಯುವ ಸಿದ್ಧ ಕ್ಯಾಮರಾ ಒಂದನ್ನು ಕೊಳ್ಳಬೇಕೆಂದು ಕೆಲವರು ಹೇಳುತ್ತಿದ್ದಾರೆ. ಅದರ ಬೆಲೆ ಹತ್ತಾರು ಸಾವಿರ ರೂಪಾಯಿ. ಅಷ್ಟೇ ಹಣದಲ್ಲಿ ಅಗ್ಗದ ವೆಬ್‌ಕ್ಯಾಮ್‌ಗಳನ್ನು ಕೊಂಡು, ಹತ್ತಾರು ಜೋಡಿಗಳನ್ನು ನಾವೇ ಕಟ್ಟಿಕೊಳ್ಳಬೇಕೆಂದು ಮತ್ತೆ ಕೆಲವರ ವಾದ. ನಾವು ಎರಡನೆಯ ಪಕ್ಷದವರು. ಇದು ಬರಿಯ ಜಿಪುಣತನವಲ್ಲ. ಕಳೆದ ಪ್ರವಾಸದಲ್ಲಿ ವಿಜಯವಾಡ ಮತ್ತು ವಿಶಾಖಪಟ್ಟಣಗಳಿಗೆ ಇಂತಹ ಒಂದು ಜೋಡಿಯನ್ನು ಹೊತ್ತೊಯ್ದು, ಅಲ್ಲಿ ಒಮ್ಮೆ ಗೆದ್ದು ಎರಡು ಸಲ ಸೋತು ಬಂದ ಮೇಲೆ ಮೂಡಿದ ಅಭಿಪ್ರಾಯವಿದು.

ಮೊದಲು ತತ್ತ್ವವನ್ನು ನೋಡೋಣ. ಕೈಯನ್ನು ಮುಂದಕ್ಕೆ ಚಾಚಿ ಹೆಬ್ಬೆರಳನ್ನೆತ್ತಿ, ಎಡಗಣ್ಣಿನಿಂದ ಒಮ್ಮೆ, ಬಲಗಣ್ಣಿನಿಂದ ಒಮ್ಮೆ ನೋಡಿರಿ. ಹಿಂದಿನ ಗೋಡೆಯ ಮೇಲೆ ಬೆರಳು ಅತ್ತಿತ್ತ ಜಿಗಿದಂತೆ ಕಾಣುತ್ತದೆ. ಬೆರಳು ಹತ್ತಿರವಾದಷ್ಟೂ ಜಿಗಿತ ಹೆಚ್ಚು, ದೂರವಾದಷ್ಟೂ ಕಡಿಮೆ. ಈ ಜಿಗಿತವನ್ನು ಎಣಿಸಿದರೆ ದೂರ ತಿಳಿಯಿತು. ಹತ್ತನೆಯ ತರಗತಿಯಲ್ಲಿ ನಾವು ಓದುವ ಸಮರೂಪ ತ್ರಿಭುಜಗಳ ಪ್ರಮೇಯಕ್ಕಿಂತ ಹೆಚ್ಚಿನದೇನೂ ಇಲ್ಲಿ ಬೇಕಾಗಿಲ್ಲ. ಎರಡು ಕ್ಯಾಮರಾಗಳ ನಡುವಣ ಅಂತರವನ್ನು ಮಸೂರದ ಸಂಗಮದೂರದಿಂದ ಗುಣಿಸಿ, ಬಂದುದನ್ನು ಜಿಗಿತದಿಂದ ಭಾಗಿಸಿದರೆ ದೂರ ದೊರೆಯುತ್ತದೆ.

ನಮ್ಮ ಜೋಡಿಯ ಕ್ಯಾಮರಾಗಳ ನಡುವಣ ಅಂತರ 6 ಸೆಂಟಿಮೀಟರ್. ಮಸೂರದ ಸಂಗಮದೂರವನ್ನು ಪಿಕ್ಸೆಲ್‌ಗಳಲ್ಲಿ ಎಣಿಸಿದರೆ ಸುಮಾರು 700. ಆದುದರಿಂದ 1 ಮೀಟರ್ ದೂರದ ವಸ್ತು 42 ಪಿಕ್ಸೆಲ್‌ಗಳಷ್ಟು ಜಿಗಿಯುತ್ತದೆ. 2 ಮೀಟರಿಗೆ 21. 10 ಮೀಟರಿಗೆ ಕೇವಲ 4. ಎಣಿಕೆಯಲ್ಲಿ ಒಂದು ಪಿಕ್ಸೆಲ್ ತಪ್ಪಿದರೆ 1 ಮೀಟರ್ ದೂರದಲ್ಲಿ ಆಗುವ ತಪ್ಪು ಎರಡೂವರೆ ಸೆಂಟಿಮೀಟರಿನೊಳಗೆ. 10 ಮೀಟರ್ ದೂರದಲ್ಲಿಯೋ ಎರಡು ಮೀಟರಿಗೂ ಹೆಚ್ಚು. ದೂರ ಇಮ್ಮಡಿಸಿದರೆ ತಪ್ಪು ನಾಲ್ಮಡಿಸುತ್ತದೆ ಎಂಬ ಈ ನಿಯಮವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗಿ ಅರ್ಥವಾದೀತು.

ಕಟ್ಟುವ ಕೆಲಸ ಕಷ್ಟವಲ್ಲ. ಆದರೆ ಉಪೇಕ್ಷೆಯನ್ನು ಸಹಿಸದು. ಒಂದೇ ಮಾದರಿಯ ಎರಡು ವೆಬ್‌ಕ್ಯಾಮ್‌ಗಳು ಬೇಕು. ತಾನಾಗಿಯೇ ಫೋಕಸ್ ಬದಲಿಸಿಕೊಳ್ಳುವ ಕ್ಯಾಮರಾ ನಮಗೆ ಒಲ್ಲದು. ಏಕೆಂದರೆ ಫೋಕಸ್ ಬದಲಾದಂತೆ ಲೆಕ್ಕದ ಮೂಲವೇ ಬದಲಾಗುತ್ತದೆ. ಅಂಗಡಿಯಲ್ಲಿ ಅತ್ಯಂತ ಅಗ್ಗವಾಗಿ ದೊರೆಯುವ, ಫೋಕಸ್ ಸ್ಥಿರವಾಗಿರುವ ಕ್ಯಾಮರಾವೇ ಇಲ್ಲಿ ಮೇಲು. ಎರಡನ್ನೂ ಒಂದೇ ಯುಎಸ್‌ಬಿ ಹಬ್ಬಿಗೆ ಸಿಕ್ಕಿಸಿದರೆ ಒಂದರ ಚಿತ್ರ ಬಂದು ಮತ್ತೊಂದರದು ನಿಂತುಹೋಗಬಹುದು. ಬೇರೆ ಬೇರೆ ಕಿಂಡಿಗಳಿಗೆ ಸಿಕ್ಕಿಸಿ, ಚಿತ್ರದ ಅಳತೆಯನ್ನು 640ಕ್ಕೆ 480 ಎಂದು ಇಳಿಸಿಕೊಳ್ಳಬೇಕು. ಬಳಿಕ ಚದುರಂಗದ ಮನೆಗಳನ್ನು ಮುದ್ರಿಸಿದ ಹಾಳೆಯನ್ನು ಗಾಜಿನ ಮೇಲೆ ಸುಕ್ಕಿಲ್ಲದಂತೆ ಅಂಟಿಸಿ, ಕ್ಯಾಮರಾಗಳ ಮುಂದೆ ಓರೆಯಾಗಿ, ನೇರವಾಗಿ, ದೂರದಲ್ಲಿ, ಹತ್ತಿರದಲ್ಲಿ ಹಿಡಿದು ಮೂವತ್ತು ನಲವತ್ತು ಚಿತ್ರಗಳನ್ನು ತೆಗೆಯಬೇಕು. ಪ್ರತಿಯೊಂದು ಮಸೂರದ ವಕ್ರತೆಯೆಷ್ಟು, ಎರಡು ಕ್ಯಾಮರಾಗಳು ಒಂದಕ್ಕೊಂದು ಎಷ್ಟು ಓರೆಯಾಗಿವೆ ಎಂಬುದನ್ನು ಓಪನ್‌ಸಿವಿ ಎಂಬ ತಂತ್ರಾಂಶ ಈ ಚಿತ್ರಗಳಿಂದ ಲೆಕ್ಕ ಹಾಕಿಕೊಡುತ್ತದೆ. ಅದನ್ನು ಪಡೆಯಲು ಒಂದು ಕಾಸನ್ನೂ ತೆರಬೇಕಾಗಿಲ್ಲ. ಕ್ಯಾಮರಾಗಳಿಗೆ ನಾವು ತೆತ್ತದ್ದು ಒಟ್ಟು 1,500 ರೂಪಾಯಿ. ಅವುಗಳನ್ನು ಕೂರಿಸಿದ ಚೌಕಟ್ಟು ಹಳೆಯ ಪುಸ್ತಕದ ಪೆಟ್ಟಿಗೆಯ ದಪ್ಪ ರಟ್ಟು. ಆ ರಟ್ಟಿನ ವಿಷಯ ಮುಂದೆ ಬರುತ್ತದೆ.

ವಿಜಯವಾಡದಲ್ಲಿ ನಮಗೆ ಮೊದಲು ದೊರೆತದ್ದು ಗೆಲುವು. ಸಮೀಪದ ಕೊಂಡಪಲ್ಲಿಯ ಕುಶಲಕರ್ಮಿಗಳು ಹಗುರವಾದ ಮೃದು ಮರವನ್ನು ಕೆತ್ತಿ ಬಣ್ಣ ಬಳಿದ ಗೊಂಬೆಗಳು ಪ್ರಸಿದ್ಧವಾದವು. ಅಂತಹ ಒಂದು ಗೊಂಬೆಯನ್ನು ಕೊಂಡು ಮೇಜಿನ ಮೇಲೆ 60 ಸೆಂಟಿಮೀಟರ್ ದೂರದಲ್ಲಿಟ್ಟು ಅಳೆದಾಗ, ನಮ್ಮ ಯಂತ್ರಕ್ಕೂ ಅಳತೆಪಟ್ಟಿಗೂ ಒಂದು ಸೆಂಟಿಮೀಟರಿನಷ್ಟೂ ವ್ಯತ್ಯಾಸ ಬರಲಿಲ್ಲ. ಗೊಂಬೆಯ ಸೀರೆಯಂಚು, ಹೂವು, ಚುಕ್ಕೆಗಳೆಲ್ಲ ಯಂತ್ರಕ್ಕೆ ಗುರುತುಗಳಾಗಿ ಒದಗಿದುವು. ಎಡಗಣ್ಣು ಕಂಡ ಚುಕ್ಕೆಯನ್ನು ಬಲಗಣ್ಣಿನ ಚಿತ್ರದಲ್ಲಿ ಹುಡುಕಿ ಹಿಡಿಯುವುದೇ ಯಂತ್ರದ ಕೆಲಸವಷ್ಟೆ. ಸುಣ್ಣ ಬಳಿದ ಬರಿಗೋಡೆಯ ಮುಂದೆ ಅದೇ ಯಂತ್ರ ಕುರುಡಾಗುತ್ತದೆ. ಅಲ್ಲಿ ಹಿಡಿಯಲು ಚುಕ್ಕೆಯೇ ಇಲ್ಲ.

ಗೆಲುವಿನಿಂದ ಹಿಗ್ಗಿದ ನಾವು ಮರುದಿನ ಕೃಷ್ಣಾ ನದಿಯ ತೀರಕ್ಕೆ ನಡೆದೆವು. 1957ರಲ್ಲಿ ಮುಗಿದ ಪ್ರಕಾಶಂ ಬ್ಯಾರೇಜು 70 ಬಾಗಿಲುಗಳೊಡನೆ ಅಲ್ಲಿ ನದಿಗೆ ಅಡ್ಡಲಾಗಿ ನಿಂತಿದೆ. 2024ರ ಸೆಪ್ಟೆಂಬರಿನಲ್ಲಿ 11 ಲಕ್ಷ ಕ್ಯೂಸೆಕ್‌ಗಳಿಗೂ ಮಿಕ್ಕ ಪ್ರವಾಹ ಬಂದಾಗ, ಕಟ್ಟು ಬಿಚ್ಚಿಹೋದ ದೋಣಿಗಳು ತೇಲಿಬಂದು ಈ ಬಾಗಿಲುಗಳ ಪ್ರತಿಭಾರಗಳಿಗೆ ಬಡಿದು ಹಾನಿ ಮಾಡಿದ್ದವು. ತೇಲಿಬರುವ ದೋಣಿಯ ದೂರವನ್ನು ಮೊದಲೇ ಅಳೆಯುವ ಕಣ್ಣೊಂದಿದ್ದರೆ ಎಷ್ಟು ಉಪಕಾರವಾದೀತೆಂದು ಯೋಚಿಸುತ್ತ, ನಮ್ಮ ಜೋಡಿಯನ್ನು ಬ್ಯಾರೇಜಿನ ಕಡೆಗೆ ತಿರುಗಿಸಿದೆವು. ಯಂತ್ರ ಏನನ್ನೂ ಹೇಳಲಿಲ್ಲ. ಲೆಕ್ಕ ಹಾಕಿದಾಗ ಕಾರಣ ತಿಳಿಯಿತು: 42 ಮೀಟರ್ ದೂರಕ್ಕೇ ನಮ್ಮ ಜೋಡಿಯ ಜಿಗಿತ ಒಂದು ಪಿಕ್ಸೆಲ್ಲಿಗೆ ಇಳಿಯುತ್ತದೆ, ಅದರಾಚೆಗೆ ಅದಕ್ಕೆ ಜಗತ್ತೆಲ್ಲವೂ ಒಂದೇ ದೂರ. ಅರ್ಧ ಕಿಲೋಮೀಟರ್ ದೂರದ ವಸ್ತು 42 ಪಿಕ್ಸೆಲ್ ಜಿಗಿಯಬೇಕಾದರೆ ಎರಡು ಕ್ಯಾಮರಾಗಳ ನಡುವೆ 30 ಮೀಟರ್ ಅಂತರವಿರಬೇಕು! ಇನ್ನೊಂದು ತೊಡಕೂ ಉಂಟು. ಅಗ್ಗದ ಕ್ಯಾಮರಾಗಳೆರಡೂ ಒಂದೇ ಕ್ಷಣದಲ್ಲಿ ಕಣ್ಣು ತೆರೆಯುವುದಿಲ್ಲ. ಒಂದು ಸೆಕೆಂಡಿನ ಮೂವತ್ತರಲ್ಲೊಂದು ಭಾಗದಷ್ಟು ಹಿಂದುಮುಂದಾದರೂ, ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಅಡ್ಡಹಾಯುವ ವಾಹನ ಅಷ್ಟರಲ್ಲಿ 33 ಸೆಂಟಿಮೀಟರ್ ಸರಿದಿರುತ್ತದೆ. ಚಲಿಸುವ ವಸ್ತುವಿಗೆ ನಮ್ಮ ಯಂತ್ರ ಸಲ್ಲದು. ಇದು ಮೊದಲನೆಯ ಸೋಲು.

ಎರಡನೆಯದು ವಿಶಾಖಪಟ್ಟಣದ ಕಡಲತೀರದಲ್ಲಿ ಒದಗಿತು. ಮರಳ ಮೇಲೆ ಎಳೆದಿಟ್ಟಿದ್ದ ಮೀನುಗಾರರ ದೋಣಿಯೊಂದರ ಮುಂದೆ ಯಂತ್ರವನ್ನಿರಿಸಿದೆವು. ಅದು 2.8 ಮೀಟರ್ ಎಂದಿತು. ನಾವು ಅದನ್ನೇ ಪುಸ್ತಕದಲ್ಲಿ ಬರೆದುಕೊಂಡೆವು. ಹತ್ತಿರದಲ್ಲಿ ಬಲೆಯನ್ನು ಸರಿಪಡಿಸುತ್ತಿದ್ದ ಹಿರಿಯರೊಬ್ಬರು ನಾವು ಮಾಡುತ್ತಿದ್ದುದೇನೆಂದು ವಿಚಾರಿಸಿದರು. ನಮ್ಮ ಹರಕು ತೆಲುಗಿನಲ್ಲಿ ವಿವರಿಸಿದೆವು. ಅವರು ಎದ್ದುಬಂದು, ದೋಣಿಯ ಹುಟ್ಟನ್ನು ನಮ್ಮ ಯಂತ್ರಕ್ಕೂ ದೋಣಿಗೂ ನಡುವೆ ನೆಲದ ಮೇಲೆ ಮಲಗಿಸಿ, ಬೆರಳಿನಿಂದ ಗುರುತು ಮಾಡಿ, ನಗುತ್ತ ತಲೆಯಾಡಿಸಿದರು. ಆಗ ನಾಚಿಕೆಯಿಂದ ಚೀಲದೊಳಗಿನ ಟೇಪನ್ನು ತೆಗೆದು ಹಿಡಿದೆವು. ಸರಿಯಾಗಿ 2 ಮೀಟರ್! ಟೇಪು ಅಷ್ಟು ಹೊತ್ತೂ ನಮ್ಮ ಬಳಿಯಲ್ಲಿಯೇ ಇತ್ತು. ಪರದೆಯ ಮೇಲೆ ಅಂಕೆ ಮೂಡಿದೊಡನೆ ಅದು ಸತ್ಯವೆಂದು ನಂಬಿದ್ದು ನಮ್ಮ ತಪ್ಪು.

ಯಂತ್ರದ ತಪ್ಪು ಎಲ್ಲಿತ್ತು? ಆ ರಟ್ಟಿನಲ್ಲಿ. ಕಡಲಿನ ತೇವಗಾಳಿಯನ್ನು ಹೀರಿ ಅದು ಕಣ್ಣಿಗೆ ಕಾಣದಷ್ಟು ಬಾಗಿತ್ತು. ಒಂದು ಕ್ಯಾಮರಾ ಅರ್ಧ ಡಿಗ್ರಿ ಓರೆಯಾದರೆ ಜಿಗಿತದಲ್ಲಿ 6 ಪಿಕ್ಸೆಲ್ ತಪ್ಪುತ್ತದೆ. 21 ಇರಬೇಕಾದುದು 15 ಆಗುತ್ತದೆ. 2 ಮೀಟರ್ ಹೋಗಿ 2.8 ಆಗುತ್ತದೆ. ಅಂದು ಸಂಜೆಯೇ ಪೇಟೆಯಿಂದ ಅಲ್ಯುಮಿನಿಯಂ ಪಟ್ಟಿಯೊಂದನ್ನು ತಂದು, ಕ್ಯಾಮರಾಗಳನ್ನು ಅದಕ್ಕೆ ಬಿಗಿದು, ಚದುರಂಗದ ಹಾಳೆಯನ್ನು ಮತ್ತೆ ಮೊದಲಿನಿಂದ ತೋರಿಸಿದೆವು. ಬೆಳಗ್ಗೆ ಅಳತೆ ಸರಿಹೋಯಿತು.

ಊರಿಗೆ ಮರಳಿದ ಮೇಲೆ ಈ ಸೋಲುಗಳ ಅರ್ಥವನ್ನು ಹುಡುಕುತ್ತಿರುವಾಗ ನಮಗೆ ದೊರೆತ ಸಂಗತಿಯೊಂದು ಸೋಜಿಗವನ್ನುಂಟುಮಾಡಿತು. ಭಾರತದ ಮಹಾ ತ್ರಿಕೋನಮಿತಿ ಮೋಜಣಿ ಇಡೀ ದೇಶವನ್ನು ಅಳೆದದ್ದು ಇದೇ ತತ್ತ್ವದಿಂದ. ಒಂದು ಆಧಾರರೇಖೆಯ ಎರಡು ತುದಿಗಳಿಂದ ದೂರದ ಗುಡ್ಡವನ್ನು ನೋಡಿ, ಕೋನಗಳಿಂದ ದೂರವನ್ನು ಕಂಡುಹಿಡಿಯುತ್ತಿದ್ದರು. ಗುಡ್ಡ ದೂರವಾದುದರಿಂದ ಅವರ ರೇಖೆಯೂ ಮೈಲಿಗಟ್ಟಲೆ ಉದ್ದ. ಲ್ಯಾಂಬ್ಟನ್ 1800ರಲ್ಲಿ ನಮ್ಮ ಬೆಂಗಳೂರಿನ ಬಳಿಯಲ್ಲೇ ಸರಪಳಿ ಹಿಡಿದು ಇಂತಹ ರೇಖೆಯನ್ನು ಅಳೆದನು. ಮುಂದೆ 1841ರಲ್ಲಿ ಬೀದರಿನಲ್ಲಿ, 1862–63ರಲ್ಲಿ ಅದೇ ವಿಶಾಖಪಟ್ಟಣದ ಬಳಿ, 1868ರಲ್ಲಿ ಮತ್ತೆ ಬೆಂಗಳೂರಿನಲ್ಲಿ ಆಧಾರರೇಖೆಗಳು ಅಳೆಯಲ್ಪಟ್ಟವು. ಬಿಸಿಲಿಗೆ ಲೋಹದ ಅಳತೆಗೋಲು ಹಿಗ್ಗಿದರೆ ದೇಶದ ನಕ್ಷೆಯೇ ಕೆಡುತ್ತದೆ. ಆದಕಾರಣ ಹಿತ್ತಾಳೆ ಮತ್ತು ಕಬ್ಬಿಣದ ಎರಡು ಪಟ್ಟಿಗಳನ್ನು ಜೋಡಿಸಿ, ಒಂದು ಹೆಚ್ಚು ಮತ್ತೊಂದು ಕಡಿಮೆ ಹಿಗ್ಗಿದರೂ ತುದಿಯ ಗುರುತುಗಳ ನಡುವಣ ಅಂತರ ಬದಲಾಗದಂತೆ ಕೋಲ್ಬಿ ಎಂಬಾತ ರೂಪಿಸಿದ್ದ ಅಳತೆಗೋಲುಗಳನ್ನು ಅವರು ಬಳಸಿದರು. ನಮ್ಮ ರಟ್ಟು ಸೋತ ಊರಿನಲ್ಲಿಯೇ, ಅಂತಹ ಸೋಲು ಬಾರದಿರಲೆಂದು ಹಿಂದಿನವರು ಎಷ್ಟು ಶ್ರಮಪಟ್ಟಿದ್ದರು!

ಈಗ ಸಿದ್ಧ ಕ್ಯಾಮರಾದ ಪಕ್ಷದವರ ವಾದಕ್ಕೆ ಬರೋಣ. ಅದು ಹೆಚ್ಚು ನಿಖರ, ಎರಡು ಕಣ್ಣುಗಳನ್ನೂ ಒಂದೇ ಕ್ಷಣದಲ್ಲಿ ತೆರೆಯಬಲ್ಲುದು ಎನ್ನುತ್ತಾರೆ. ಒಪ್ಪಿದೆವು. ಸಂಶೋಧನಾಲಯಕ್ಕೆ ಅದು ಬೇಕು. ಆದರೆ ಶಾಲೆಗೆ ಬಂದ ದುಬಾರಿ ಯಂತ್ರದ ಗತಿಯೇನೆಂಬುದನ್ನು ನಾವೆಲ್ಲರೂ ಬಲ್ಲೆವು. ಅದು ಬೀರುವಿನೊಳಗೆ ಸೇರುತ್ತದೆ. ಬೀಗದ ಕೈ ಒಬ್ಬರ ಬಳಿ ಇರುತ್ತದೆ. ಅತಿಥಿಗಳು ಬಂದ ದಿನ ಹೊರಗೆ ಬರುತ್ತದೆ. ಕೆಟ್ಟೀತೆಂಬ ಭಯದಿಂದ ಯಾರೂ ಮುಟ್ಟರು, ಮುಟ್ಟದವರು ಕಲಿಯರು. ಅಗ್ಗದ ಜೋಡಿಯಾದರೋ ತಪ್ಪು ಮಾಡುವ ಸ್ವಾತಂತ್ರ್ಯವನ್ನು ನಮಗೆ ಕೊಡುತ್ತದೆ. ಸಿದ್ಧ ಕ್ಯಾಮರಾ ಒಯ್ದಿದ್ದರೆ ದೋಣಿ 2 ಮೀಟರ್ ಎಂದು ಬರೆದುಕೊಂಡು ಬರುತ್ತಿದ್ದೆವು. ಅರ್ಧ ಡಿಗ್ರಿಯ ಬೆಲೆ ಎಂದಿಗೂ ತಿಳಿಯುತ್ತಿರಲಿಲ್ಲ.

ಮತ್ತೊಂದು ಮಾತು ಬಹಿರಂಗವಾಗಿ ಕೇಳಿಬರುವುದಿಲ್ಲ. ಆದರೆ ನಮ್ಮ ನಮ್ಮ ಮನಸ್ಸಿನಲ್ಲಿಯೇ ಹುದುಗಿದೆ. ಇಂತಹ ವಿದ್ಯೆ ಇಂಗ್ಲಿಷ್ ಮಾಧ್ಯಮದವರಿಗೆ. ನಮಗೆ ಭಿತ್ತಿಚಿತ್ರ ಬರೆಯುವುದು, ಮಾದರಿ ಮಾಡುವುದು ಸಾಕು ಎಂಬ ಸಂಕೋಚವದು. ತಂತ್ರಾಂಶದ ಆದೇಶಗಳು ಇಂಗ್ಲಿಷಿನಲ್ಲಿರುವುದು ನಿಜ. ಅವು ಹತ್ತಿಪ್ಪತ್ತು ಪದಗಳು. ಒಂದು ವಾರದಲ್ಲಿ ಕಲಿತೆವು. ಅವುಗಳ ಹಿಂದಿರುವ ತ್ರಿಭುಜವನ್ನು ಮಾತ್ರ ನಾವು ಕನ್ನಡದಲ್ಲಿಯೇ ಕಲಿತಿದ್ದೆವು. ಕಡಲತೀರದಲ್ಲಿ ತಪ್ಪನ್ನು ಹುಡುಕಿದ್ದೂ ಕನ್ನಡದಲ್ಲಿಯೇ.

ಸರ್ ಸಿ. ವಿ. ರಾಮನ್ನರು ಬಾಲ್ಯದ ಶಾಲೆಯನ್ನು ಕಲಿತದ್ದು ವಿಶಾಖಪಟ್ಟಣದಲ್ಲಿ. 1933ರಿಂದ ನೆಲೆಸಿದ್ದು ನಮ್ಮ ಬೆಂಗಳೂರಿನಲ್ಲಿ. 1928ರ ಅವರ ಮಹಾಶೋಧಕ್ಕೆ ಬಳಸಿದ ಉಪಕರಣಗಳ ಬೆಲೆ ಕೆಲವು ನೂರು ರೂಪಾಯಿಗಳನ್ನು ಮೀರಿರಲಿಲ್ಲವೆಂದು ಹೇಳುತ್ತಾರೆ. ಅವರೊಡನೆ ನಮ್ಮನ್ನು ಹೋಲಿಸಿಕೊಳ್ಳುವ ಧಾರ್ಷ್ಟ್ಯ ನಮಗಿಲ್ಲ. ಉಪಕರಣದ ಬೆಲೆಯೂ ಕೆಲಸದ ಬೆಲೆಯೂ ಒಂದೇ ಅಲ್ಲವೆಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡವೆಂದಷ್ಟೇ ಹೇಳುತ್ತೇವೆ.

ಆದುದರಿಂದ ನಮ್ಮ ವಿನಂತಿ ಇಷ್ಟು. ಹಣವನ್ನು ಒಂದು ಯಂತ್ರಕ್ಕೆ ಸುರಿಯದೆ ಹತ್ತು ಜೋಡಿಗಳಿಗೆ ಹಂಚಲಿ. ಪ್ರತಿಯೊಂದು ಜೋಡಿಯ ಪಕ್ಕದಲ್ಲಿ ಒಂದು ಟೇಪು, ಒಂದು ಪುಸ್ತಕ ಇರಲಿ. ಯಂತ್ರ ಹೇಳಿದ ಅಳತೆಯನ್ನೂ ಟೇಪಿನ ಅಳತೆಯನ್ನೂ ಆ ಪುಸ್ತಕದಲ್ಲಿ ಎದುರುಬದುರು ಬರೆಯಲಿ. ತಪ್ಪಿದ್ದನ್ನು ಯಾರೂ ಅಳಿಸದಿರಲಿ. ಪ್ರಯೋಗಶಾಲೆಯ ಬಾಗಿಲು ಶನಿವಾರದ ಮಧ್ಯಾಹ್ನವಾದರೂ ತೆರೆದಿರಲಿ. ನಮ್ಮ ಪುಸ್ತಕದ ಮೊದಲ ಪುಟದಲ್ಲಿ 2.8 ಎಂಬ ಆ ಅಂಕೆ ಇನ್ನೂ ಹಾಗೆಯೇ ಇದೆ. ಅದರ ಎದುರಿಗೆ 2 ಎಂದು ಬರೆದಿದ್ದೇವೆ. ಮುಂದಿನ ವರ್ಷ ಬರುವ ತಮ್ಮತಂಗಿಯರು ಅಲ್ಲಿಂದಲೇ ಆರಂಭಿಸಲಿ.