ಕುದಿಸಿದರೆ ಆಯಿತೆ?

‘ಇನ್ನೊಂದು ಕುದಿ ಬರಿಸಿಬಿಟ್ಟರೆ ಏನೂ ಆಗೋದಿಲ್ಲ’ ಎಂಬುದು ನಮ್ಮ ಅಡುಗೆಮನೆಗಳ ದೃಢವಾದ ನಂಬಿಕೆ. ರಾತ್ರಿಯಿಡೀ ಒಲೆಯ ಪಕ್ಕದಲ್ಲೇ ಉಳಿದ ಹುಳಿಯಿರಲಿ, ಮಧ್ಯಾಹ್ನದಿಂದ ಮುಚ್ಚಿಟ್ಟ ಅನ್ನವಿರಲಿ, ಬೆಂಕಿ ತೋರಿಸಿದರೆ ದೋಷವೆಲ್ಲ ಕಳೆಯಿತೆಂದು ತಿಳಿಯುತ್ತೇವೆ. ಹುಳಿಯ ಮಟ್ಟಿಗೆ ಇದು ಅರ್ಧ ನಿಜ. ಅನ್ನದ ಮಟ್ಟಿಗೆ ಅಷ್ಟೂ ಅಲ್ಲ.

ಬೆಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ವಾಸಿಸುವಂಥದು. ಅದರ ಬೀಜಾಣುಗಳು ಅಕ್ಕಿಯ ಜೊತೆಗೇ ಮನೆಗೆ ಬರುತ್ತವೆ. ಅಕ್ಕಿ ತೊಳೆದರೆ ಹೋಗುವುದಿಲ್ಲ, ಅನ್ನ ಬೆಂದರೂ ಸಾಯುವುದಿಲ್ಲ. ಬೆಂದ ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕುಳಿತಾಗ ಅವು ಎಚ್ಚೆತ್ತು, ಬೆಳೆದು, ವಾಂತಿ ತರಿಸುವ ಒಂದು ವಿಷವನ್ನು ಅದರಲ್ಲಿ ಬಿಡುತ್ತವೆ. 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೂವರೆ ಗಂಟೆ ಕಾಯಿಸಿದರೂ ಆ ವಿಷ ಅಳಿಯುವುದಿಲ್ಲ. ನಮ್ಮ ಪ್ರೆಷರ್ ಕುಕ್ಕರಿನ ಒಳಗಿನ ಶಾಖವೇ ಸುಮಾರು 120 ಡಿಗ್ರಿ. ಇನ್ನು ಬಾಣಲೆಯಲ್ಲಿ ಎರಡು ನಿಮಿಷ ಕೈಯಾಡಿಸಿದರೆ ಆಗುವುದೇನು? 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಚೀನೀ ಹೋಟೆಲುಗಳಲ್ಲಿ ಫ್ರೈಡ್ ರೈಸ್ ತಿಂದವರು ಕೆಲವೇ ಗಂಟೆಗಳಲ್ಲಿ ವಾಂತಿಯಿಂದ ಬಳಲಿದ ಪ್ರಕರಣಗಳಿಂದ ಈ ಸಂಗತಿ ಬೆಳಕಿಗೆ ಬಂತು. ಮೊದಲೇ ಅನ್ನ ಮಾಡಿ, ಅಗುಳು ಅಂಟಿಕೊಳ್ಳದಿರಲೆಂದು ಫ್ರಿಜ್ಜಿಗಿಡದೆ ಹೊರಗೇ ಬಿಟ್ಟು, ಆಮೇಲೆ ಹುರಿಯುವ ರೂಢಿ ಅಲ್ಲಿತ್ತು. ರಾತ್ರಿಯ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕುವ ನಮ್ಮ ಚಿತ್ರಾನ್ನದ ಕ್ರಮವೂ ಬೇರೆಯದೇನಲ್ಲ. ಕೊನೆಯಲ್ಲಿ ಹಿಂಡಿದ ನಿಂಬೆಹಣ್ಣು ರುಚಿ ಕೊಡುತ್ತದೆ, ಅಷ್ಟರೊಳಗೆ ಹುಟ್ಟಿದ ವಿಷವನ್ನು ತೆಗೆಯುವುದಿಲ್ಲ.

ಹುಳಿಯ ಬಲವಿರುವುದು ಮೊದಲೇ ಸೇರಿಸುವುದರಲ್ಲಿ. ಯಾತ್ರೆಗೆ ಹೊರಟವರ ಬುತ್ತಿಯಲ್ಲಿ ಪುಳಿಯೋಗರೆ ಇರುತ್ತಿದ್ದುದು ಬರೀ ನಾಲಗೆಯ ಚಾಪಲ್ಯಕ್ಕಲ್ಲ. ಗಟ್ಟಿ ಹುಣಿಸೆಯ ಗೊಜ್ಜು ಕಲಸಿದ ಅನ್ನದಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ. ಉಳಿದ ಅನ್ನಕ್ಕೆ ರಾತ್ರಿಯೇ ಹುಳಿಮಜ್ಜಿಗೆ ಬೆರೆಸಿಡುತ್ತಿದ್ದ ಅಜ್ಜಿಯರಿಗೂ ಆ ಅಂದಾಜು ಇತ್ತು. ಹಾಗೆಂದು ಹಳೆಯದೆಲ್ಲ ಶಾಸ್ತ್ರೀಯವೆಂದು ಬೀಗಬೇಕಿಲ್ಲ. ಬೇಸಿಗೆಯ ರಾತ್ರಿ ಬರೀ ನೀರು ಹಾಕಿಟ್ಟ ಅನ್ನ ಸುರಕ್ಷಿತವೆಂದು ಯಾವ ಅಜ್ಜಿ ಹೇಳಿದರೂ ನಾನು ಒಪ್ಪಲಾರೆ.

ಬೇಳೆಯ ಹುಳಿ, ಮಾಂಸದ ಸಾರುಗಳ ಶತ್ರು ಇನ್ನೊಂದು: ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ದೊಡ್ಡ ತಪ್ಪಲೆಯ ನಡುಭಾಗ ಗಂಟೆಗಟ್ಟಲೆ ಬಿಸಿಯಾಗಿಯೇ ಇರುತ್ತದೆ; ಗಾಳಿಯೂ ಸುಳಿಯದ ಆ ಜಾಗವೇ ಇದಕ್ಕೆ ಪ್ರಿಯ. ಬೆಳೆದ ಬ್ಯಾಕ್ಟೀರಿಯಾ ಇಲ್ಲಿ ಚೆನ್ನಾದ ಕುದಿಗೆ ಸಾಯುತ್ತದೆ, ಅದಕ್ಕೇ ಅರ್ಧ ನಿಜವೆಂದದ್ದು. ಆದರೆ ಕುದಿಯೆಂದರೆ ಅಂಚಿನಲ್ಲಿ ನಾಲ್ಕು ಗುಳ್ಳೆ ಬರುವುದಲ್ಲ. ತಳದವರೆಗೆ ಸೌಟಾಡಿಸಿ, ಇಡೀ ಪಾತ್ರೆ ಕೊತಕೊತ ಕುದಿಯಬೇಕು. ಮೈಕ್ರೋವೇವ್‌ನಲ್ಲಿ ಒಂದು ಕಡೆ ಸುಡುತ್ತಿದ್ದರೆ ಇನ್ನೊಂದು ಕಡೆ ತಣ್ಣಗಿರುತ್ತದೆ. ಮುಚ್ಚಿ, ನಡುವೆ ಒಮ್ಮೆ ಕಲಕಿ, ಹೊರತೆಗೆದ ಮೇಲೂ ನಿಮಿಷ ಬಿಟ್ಟು ಬಡಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆ 2001ರಿಂದ ಸಾರುತ್ತಿರುವ ಐದು ಸೂತ್ರಗಳಲ್ಲಿ ಮನೆಗೆ ಬೇಕಾದ ಅಂಕಿಗಳಿವೆ. ಬೆಂದ ಅಡುಗೆ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ತಣ್ಣಗಿದ್ದರೆ 5 ಡಿಗ್ರಿಗಿಂತ ಕೆಳಗೆ, ಬಿಸಿಯಿದ್ದರೆ 60ಕ್ಕಿಂತ ಮೇಲೆ. ‘ಪೂರ್ತಿ ಆರುವ ತನಕ ಫ್ರಿಜ್ಜಿಗೆ ಇಡಬಾರದು’ ಎಂದು ಕಾಯುವುದರಲ್ಲೇ ನಮ್ಮ ಎರಡು ಗಂಟೆ ಕಳೆದುಹೋಗುತ್ತದೆ. ಅನ್ನವನ್ನು ಅಗಲವಾದ ತಟ್ಟೆಗೆ ಹರಡಿ, ಹುಳಿಯನ್ನು ಎರಡು ಮೂರು ಸಣ್ಣ ಡಬ್ಬಿಗಳಿಗೆ ಹಂಚಿ, ಹಬೆ ಹೋದೊಡನೆ ಒಳಗಿಟ್ಟರೆ ಆಯಿತು. ಫ್ರಿಜ್ಜಿನ ಗುಂಡಿಯ ಮೇಲಿನ ಅಂಕಿ ಡಿಗ್ರಿಯಲ್ಲ ಎಂಬುದೂ ನೆನಪಿರಲಿ. ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ ಸುಮಾರು ನಾಲ್ಕು ಗಂಟೆ ತಂಪು ಉಳಿಯುತ್ತದೆ.

ಪರೀಕ್ಷೆಗೆ ನಮ್ಮಲ್ಲಿ ಮೂಗೇ ಪ್ರಮಾಣ. ಹಳಸಿದ್ದನ್ನು ಮೂಗು ಹಿಡಿಯುತ್ತದೆ, ನಿಜ. ಆದರೆ ವಾಸನೆ ಹುಟ್ಟಿಸುವ ಸೂಕ್ಷ್ಮಜೀವಿಗಳೇ ಬೇರೆ, ಕಾಯಿಲೆ ತರುವವು ಬಹುಮಟ್ಟಿಗೆ ಬೇರೆ. ಸೀರಿಯಸ್‌ನ ವಿಷವಿರುವ ಅನ್ನ ಘಮಘಮಿಸುತ್ತಲೇ ಇರಬಹುದು. ಬೂಷ್ಟಿನ ವಿಷಯದಲ್ಲಿ ಮಾತ್ರ ಕಣ್ಣನ್ನು ನಂಬಬೇಕು. ಬೂಷ್ಟು ಹಿಡಿದ ಶೇಂಗಾ, ಜೋಳಗಳಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಹುರಿದರೂ ಪೂರ್ತಿ ಹೋಗುವುದಿಲ್ಲ. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಮಳೆಗೆ ನೆನೆದ ಮೆಕ್ಕೆಜೋಳ ತಿಂದು ಯಕೃತ್ತು ಕೆಟ್ಟು ನೂರಕ್ಕೂ ಹೆಚ್ಚು ಜನ ಸತ್ತರು. ಅವರಿಗೆ ಬೇರೆ ಧಾನ್ಯವಿರಲಿಲ್ಲ. ಮೇಲಿನ ಬೂಷ್ಟು ಒರೆಸಿ ಬ್ರೆಡ್ಡು ಸುಡುವ ನಮಗೆ ಆ ಬಡತನದ ನೆಪವೂ ಇಲ್ಲ.

ಅನ್ನ ಚೆಲ್ಲಬಾರದೆಂಬ ಸಂಸ್ಕಾರ ದೊಡ್ಡದು. ಅದನ್ನು ಅಕ್ಕಿ ಅಳೆಯುವಾಗ ತೋರಿಸುವುದು ಸರಿ. ಮೂರು ದಿನದ ಹುಳಿಯನ್ನು ತಾವು ತಿನ್ನಲಾರದೆ, ಚೆಲ್ಲಲೂ ಮನಸ್ಸು ಬಾರದೆ, ಮನೆಗೆಲಸದವರ ಡಬ್ಬಿಗೆ ತುಂಬಿ ಕಳಿಸುವ ಮನೆಗಳು ಇನ್ನೂ ಇವೆ. ಅದು ದಾನವಲ್ಲ. ದಯವಿಟ್ಟು ನಿಲ್ಲಿಸಿ.