ಮಾರಿಕಣಿವೆಯಲ್ಲಿ ನಾನು ಹೇಳಿಕೊಟ್ಟ ತಪ್ಪು ಪಾಠ

ಕಳೆದ ತಿಂಗಳು ನನ್ನ ತಮ್ಮನ ಮೊಮ್ಮಗ ರಜೆಗೆಂದು ಮನೆಗೆ ಬಂದಿದ್ದ. ಸಿವಿಲ್ ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ಫ್ಲೂಯಿಡ್ ಮೆಕ್ಯಾನಿಕ್ಸ್ ವಿಷಯದಲ್ಲಿ ಒಳ್ಳೆಯ ಅಂಕಗಳು ಬಂದಿವೆಯೆಂದು ಸಂತೋಷದಿಂದ ಹೇಳಿಕೊಂಡ. ಈ ಮಾತಿಗೆ ನಾವು 'ದ್ರವ' ಎಂದುಬಿಡುತ್ತೇವೆ. ಆದರೆ ಗಾಳಿಯೂ ಅದರೊಳಗೆ ಬರುತ್ತದೆ. ಹರಿಯುವ ವಸ್ತುಗಳ ಶಾಸ್ತ್ರವೆಂದು ಕರೆಯೋಣ. ಮೇಷ್ಟರ ಬುದ್ಧಿ ಸುಮ್ಮನಿರುವುದಿಲ್ಲವಲ್ಲ, ಒಂದು ಪ್ರಶ್ನೆ ಕೇಳಿದೆ.

"ಮಾರಿಕಣಿವೆಯ ಕಟ್ಟೆಯ ಹಿಂದೆ ಮೈಲುಗಟ್ಟಲೆ ನೀರು ನಿಂತಿದೆ. ಅದರ ಬದಲು ಕಟ್ಟೆಯಿಂದ ಹತ್ತೇ ಅಡಿ ಹಿಂದೆ ಇನ್ನೊಂದು ಗೋಡೆ ಎಬ್ಬಿಸಿ, ಆ ಸಂದಿಯಲ್ಲಿ ಮಾತ್ರ ಅಷ್ಟೇ ಎತ್ತರಕ್ಕೆ ನೀರು ತುಂಬಿದೆವು ಎಂದಿಟ್ಟುಕೋ. ಕಟ್ಟೆಯ ಮೇಲಿನ ಒತ್ತಡ ಎಷ್ಟು ಕಡಿಮೆಯಾಗುತ್ತದೆ?"

"ತುಂಬಾ ಕಡಿಮೆಯಾಗುತ್ತೆ, ತಾತ."

ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ನಿಂತ ನೀರಿನ ಒತ್ತಡ ಅದರ ಆಳವನ್ನು ಮಾತ್ರ ಅವಲಂಬಿಸಿದೆ. ಹಿಂದೆ ಎಷ್ಟು ದೂರ ಹರಡಿದೆ ಎಂಬುದನ್ನಲ್ಲ. 130 ಅಡಿ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ನಾಲ್ಕು ಕಿಲೋಗ್ರಾಂ ಭಾರ ಬೀಳುತ್ತದೆ, ಹಿಂದೆ ಸಾಗರವಿರಲಿ, ಸಂದಿಯಿರಲಿ. ಹುಡುಗನಿಗೆ ಸೂತ್ರ ಗೊತ್ತಿತ್ತು. ಕಾಗದ ಕೊಟ್ಟಿದ್ದರೆ ಲೆಕ್ಕವನ್ನೂ ಮಾಡುತ್ತಿದ್ದ. ಆ ಸೂತ್ರದಲ್ಲಿ ಕೆರೆಯ ಉದ್ದಕ್ಕೆ ಜಾಗವೇ ಇಲ್ಲವೆಂಬುದು ಮಾತ್ರ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ನನಗೆ ಕೋಪ ಬರಲಿಲ್ಲ. 1974ರಲ್ಲಿ ನಾನೇ ಈ ತಪ್ಪನ್ನು ಪಾಠವಾಗಿ ಹೇಳಿದ್ದೆ.

ಆಗ ನಾನು ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಹೊಳಲ್ಕೆರೆಯಿಂದ ಒಂಬತ್ತನೆಯ ತರಗತಿಯ ಮಕ್ಕಳನ್ನು ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರಕ್ಕೆ ಪ್ರವಾಸ ಕರೆದೊಯ್ದಿದ್ದೆ. ಈ ಬರಹ ಓದುತ್ತಿರುವ ಕೆಲವರಾದರೂ ಆ ಬಸ್ಸಿನಲ್ಲಿದ್ದಿರಿ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ಕಟ್ಟೆಯೆಂದು ಇಸವಿಗಳನ್ನು ಒಪ್ಪಿಸಿದ ಮೇಲೆ, ಹಿಂದೆ ಇಷ್ಟು ವಿಸ್ತಾರವಾದ ನೀರಿರುವುದರಿಂದಲೇ ಗೋಡೆ ಇಷ್ಟು ದಪ್ಪವಾಗಿದೆ ಎಂದು ಗಂಭೀರವಾಗಿ ಹೇಳಿದೆ. ಒಬ್ಬ ಹುಡುಗ, "ಸಾರ್, ನೀರು ಬರೀ ಆ ಬಂಡೆಯವರೆಗೆ ಇದ್ದಿದ್ದರೆ ತೆಳ್ಳನೆ ಗೋಡೆ ಸಾಕಾಗ್ತಿತ್ತಾ?" ಎಂದ. ಸಾಕಾಗುತ್ತಿತ್ತು ಎಂದೆ. ಅವನು ಮುಂದೆ ನೀರಾವರಿ ಇಲಾಖೆಯಲ್ಲಿ ಇಂಜಿನಿಯರನಾದ. ಇಪ್ಪತ್ತು ವರ್ಷಗಳ ನಂತರ ಒಂದು ಮದುವೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತು, ಬಹಳ ಮೆಲ್ಲನೆ, "ಮೇಷ್ಟ್ರೇ, ಅವತ್ತು ನೀವು ಹೇಳಿದ್ದು ಸರಿಯಲ್ಲ" ಎಂದ. ಬಡಿಸಿದ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಉಳಿದ ಮಕ್ಕಳಿಗೆ ಆ ತಪ್ಪನ್ನು ತಿದ್ದುವ ಅವಕಾಶ ಸಿಗಲಿಲ್ಲ, ಈಗ ತಿದ್ದುತ್ತಿದ್ದೇನೆ.

ಐವತ್ತು ವರ್ಷಗಳ ಅಂತರದಲ್ಲಿ, ಒಂದು ಇಡೀ ಸೆಮಿಸ್ಟರಿನ ಪಾಠದ ನಂತರವೂ, ಅದೇ ತಪ್ಪು ಉತ್ತರ ಬರುವುದಾದರೆ ಪಾಠ ಶುರುವಾಗುವ ಜಾಗವೇ ತಪ್ಪಿರಬೇಕೆಂದು ನನ್ನ ಅಭಿಪ್ರಾಯ. ಮೊದಲ ಎರಡು ವಾರ ಸಮೀಕರಣಗಳನ್ನು ಮುಚ್ಚಿಟ್ಟು, ನಮ್ಮ ಜಿಲ್ಲೆಯ ನೀರಿನ ಮುಂದೆ, ನಮ್ಮ ಮಾತಿನಲ್ಲಿ ವಿದ್ಯಾರ್ಥಿಗಳನ್ನು ನಿಲ್ಲಿಸಬೇಕು.

ನೀರಿನ ಪಾಠಕ್ಕೆ ಚಿತ್ರದುರ್ಗದಲ್ಲಿ ಬಡತನವಿಲ್ಲ, ಮಳೆಗೆ ಮಾತ್ರ ಬಡತನ. ಕೋಟೆಗೆ ಹೋದವರು ಓಬವ್ವನ ಕಿಂಡಿಯನ್ನು ನೋಡಿ ಇಳಿದು ಬರುತ್ತಾರೆ. ಗೋಪಾಲಸ್ವಾಮಿ ಹೊಂಡ ತುಂಬಿದ ಮೇಲೆ ಹೆಚ್ಚಾದ ನೀರು ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಕೆಳಗಿನ ಸಂತೆ ಹೊಂಡಕ್ಕೆ ಇಳಿಯುವ ಏರ್ಪಾಡನ್ನು ಎಷ್ಟು ಮಂದಿ ಹಿಂಬಾಲಿಸಿ ನಡೆದಿದ್ದಾರೆ? ಪಂಪಿಲ್ಲದ ಕಾಲದಲ್ಲಿ ಮಟ್ಟದ ವ್ಯತ್ಯಾಸವೊಂದನ್ನೇ ನಂಬಿ ಮಾಡಿದ ಕೆಲಸವದು.

ಹೊಳಲ್ಕೆರೆಯ ಅಡಿಕೆ ತೋಟಕ್ಕೆ ಬನ್ನಿ. ಹನಿ ನೀರಾವರಿಯ ಪೈಪಿನ ಕೊನೆಯ ಗಿಡಗಳಿಗೆ ನೀರು ಸಾಲದು ಎಂಬುದು ಪ್ರತಿಯೊಬ್ಬ ರೈತನಿಗೂ ಗೊತ್ತು. ಪೈಪಿನೊಳಗಿನ ಘರ್ಷಣೆ ಒತ್ತಡವನ್ನು ತಿನ್ನುತ್ತದೆ. ಹಣ ಉಳಿಸಲೆಂದು ಅರ್ಧ ವ್ಯಾಸದ ಪೈಪನ್ನು ಹಾಕಿ ಅಷ್ಟೇ ನೀರನ್ನು ತಳ್ಳಹೊರಟರೆ, ಆ ನಷ್ಟ ಎರಡು ಪಟ್ಟಲ್ಲ, ಸುಮಾರು ಮೂವತ್ತು ಪಟ್ಟಾಗುತ್ತದೆ. ಪುಸ್ತಕದಲ್ಲಿ ಇದು ವ್ಯಾಸದ ಐದನೆಯ ಘಾತ. ತೋಟದಲ್ಲಿ ಕರೆಂಟಿನ ಗಂಟೆಗಳು ಮತ್ತು ಒಣಗಿದ ಸಸಿಗಳು.

ಜೋಗಿಮಟ್ಟಿಯ ಗಾಳಿಯಂತ್ರಗಳು ಮೋಡಗಳನ್ನು ಓಡಿಸುತ್ತವೆಯೇ ಎಂದು ನನ್ನನ್ನು ಕೇಳಿದವರಿದ್ದಾರೆ. ಓದಿದವರೂ ಕೇಳಿದ್ದಾರೆ. ಬೀಸುವ ಗಾಳಿಯ ಶಕ್ತಿಯಲ್ಲಿ ಶೇಕಡಾ 59.3ಕ್ಕಿಂತ ಹೆಚ್ಚನ್ನು ಯಾವ ರೆಕ್ಕೆಯೂ ಹೀರಲಾರದೆಂದು ಬೆಟ್ಜ್ ಎಂಬ ಜರ್ಮನ್ ವಿಜ್ಞಾನಿ ನೂರು ವರ್ಷಗಳ ಹಿಂದೆಯೇ ತೋರಿಸಿದ. ಗಾಳಿ ತುಸು ನಿಧಾನವಾಗಿ ಮುಂದೆ ಸಾಗುತ್ತದೆ, ಅಷ್ಟೆ. ಅದೂ ರೆಕ್ಕೆಗಳ ಎತ್ತರದ ಆಸುಪಾಸಿನಲ್ಲಿ. ಮಳೆಮೋಡ ನಡೆಯುವ ದಾರಿ ಅದಕ್ಕಿಂತ ಬಹಳ ಮೇಲೆ.

ಎಲ್ಲಕ್ಕಿಂತ ದೊಡ್ಡ ಪಾಠವನ್ನು ವೇದಾವತಿಯೇ ಹೇಳಿದಳು. 1933ರ ನಂತರ, 89 ವರ್ಷ ಕಳೆದು, 2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಕೋಡಿ ಬಿತ್ತು. ಹಿರಿಯೂರಿನ ಕಡೆ ಜಾತ್ರೆಯ ಸಂಭ್ರಮ. ನಾನೂ ಹೋಗಿ ಕಣ್ಣು ತುಂಬಿಕೊಂಡೆ. ಅದೇ ದಿನಗಳಲ್ಲಿ ಹೊಸದುರ್ಗದ ಕಡೆಯ ಹಿನ್ನೀರಿನ ರೈತರು ಮುಳುಗಿದ ತೋಟಗಳನ್ನು ನೋಡುತ್ತಿದ್ದರು. ಕೋಡಿಯ ಮಟ್ಟವನ್ನು ತಗ್ಗಿಸಬೇಕೆಂಬ ಕೂಗೆದ್ದಿತು. 2025ರಲ್ಲಿ ಮತ್ತೆ ಕೋಡಿ ಬಿತ್ತು. ಕಟ್ಟೆಯ ಬಳಿ ನೀರು ಕೋಡಿಯ ಮಟ್ಟದಲ್ಲಿದ್ದರೂ, ನದಿ ಜೋರಾಗಿ ಒಳಬರುತ್ತಿರುವಾಗ ಮೇಲ್ಭಾಗದಲ್ಲಿ ನೀರಿನ ಮೈ ಇನ್ನೂ ಎತ್ತರದಲ್ಲಿರುತ್ತದೆ. ಕಾಲೇಜಿನ ಪುಸ್ತಕದಲ್ಲಿ ಇದಕ್ಕೆ ಹಿನ್ನೀರಿನ ವಕ್ರರೇಖೆಯೆಂದೇ ಅಧ್ಯಾಯವಿದೆ. ಎರಡು ತಾಲ್ಲೂಕುಗಳ ಜಗಳದಲ್ಲಿ ಯಾರ ಹೊಲ ಎಷ್ಟು ಅಡಿಗೆ ಮುಳುಗುತ್ತದೆಂದು ಊರವರ ಮುಂದೆ ನಿಂತು ಕನ್ನಡದಲ್ಲಿ ವಿವರಿಸಬಲ್ಲ ಪದವೀಧರ ನಮಗೆ ಬೇಕಲ್ಲವೇ?

ಉಪನ್ಯಾಸಕನಾಗಿರುವ ನನ್ನ ವಿದ್ಯಾರ್ಥಿಯೊಬ್ಬ ಫೋನಿನಲ್ಲಿ ಜಗಳಕ್ಕೇ ಬಂದ. "ಐದು ಮಾಡ್ಯೂಲು ಮುಗಿಸಬೇಕು ಸಾರ್, ಪರೀಕ್ಷೆ ಇಂಗ್ಲಿಷಿನಲ್ಲಿ, ಎರಡು ವಾರ ಎಲ್ಲಿಂದ ತರಲಿ?" ಅವನ ಕಷ್ಟ ನಿಜವಾದದ್ದು. ಕನ್ನಡದಲ್ಲಿ ಇಂಜಿನಿಯರಿಂಗ್ ಕಲಿಸಲು ಎಐಸಿಟಿಇ 2021ರಲ್ಲಿ ಅನುಮತಿ ಕೊಟ್ಟಿದ್ದರಿಂದಲೇ ಈ ತೊಡಕು ಬಿಡಿಸಿಹೋಗದು. ಇಡೀ ಪದವಿಯನ್ನು ಕನ್ನಡಕ್ಕೆ ತಿರುಗಿಸಿ ಎಂದು ನಾನು ಹೇಳುತ್ತಲೂ ಇಲ್ಲ. ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಮೇಷ್ಟರು ಆರ್. ಎಲ್. ನರಸಿಂಹಯ್ಯನವರು ಕನ್ನಡದಲ್ಲಿ ವಿಜ್ಞಾನ ಬರೆದರು. ಅವರ ಮಗ ರೊದ್ದಂ ನರಸಿಂಹ ಹರಿವಿನ ಶಾಸ್ತ್ರದಲ್ಲಿ ಜಗತ್ತೇ ಬಲ್ಲ ಹೆಸರಾದರು. ಮನೆಯ ಮಾತು ಅವರಿಗೆ ಅಡ್ಡಬಂದಂತೆ ಕಾಣಲಿಲ್ಲ.

ಎರಡು ವಾರ ಆಗದಿದ್ದರೆ ಒಂದು ಭಾನುವಾರವಾದರೂ ಕೊಡು ಎಂದಿದ್ದೇನೆ. ಬಸ್ಸಿನ ಖರ್ಚು ನನ್ನದು. ಮೊಮ್ಮಗನೂ ಬರುತ್ತೇನೆಂದಿದ್ದಾನೆ. 1974ರ ಬಸ್ಸಿನಲ್ಲಿದ್ದವರು ಯಾರಾದರೂ ಬರುವುದಾದರೆ ತಿಳಿಸಿ. ಅದೇ ಕಟ್ಟೆಯ ಮೇಲೆ ನಿಂತು ಆ ಪ್ರಶ್ನೆಗೆ ಮತ್ತೊಮ್ಮೆ ಉತ್ತರ ಹೇಳಬೇಕೆಂದಿದ್ದೇನೆ.