ಡೀಸೆಲ್ ಕಾರಿನ ಎಚ್ಚರಿಕೆ ದೀಪ: ತಪ್ಪು ಫಿಲ್ಟರಿನದೇ?

ಬೆಂಗಳೂರು: 2020ರ ಏಪ್ರಿಲ್ 1ರಂದು ಬಿಎಸ್-6 ಮಾನದಂಡ ದೇಶದಾದ್ಯಂತ ಜಾರಿಯಾದ ಬಳಿಕ, ಮಸಿಯನ್ನು ಹಿಡಿದಿಡುವ ಡಿಪಿಎಫ್ ಫಿಲ್ಟರ್ ಡೀಸೆಲ್ ಕಾರುಗಳ ಅವಿಭಾಜ್ಯ ಅಂಗವಾಗಿದೆ. ಸಂಗ್ರಹವಾದ ಮಸಿ ಉರಿದುಹೋಗಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹೆದ್ದಾರಿಯಲ್ಲಿ ಇದು ಸುಲಭ. ಸಿಲ್ಕ್ ಬೋರ್ಡ್ ವೃತ್ತದಲ್ಲಿ ತೆವಳುವ ಕಾರಿಗೆ ದುಸ್ತರ. ಪರಿಣಾಮವಾಗಿ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ.

ಆದರೆ ದೀಪ ಕಂಡೊಡನೆ ದುಬಾರಿ ಫಿಲ್ಟರನ್ನು ಬದಲಿಸುವುದು ಅವಸರದ ತೀರ್ಮಾನವಾದೀತು. ಫಿಲ್ಟರ್ ಕಟ್ಟಿಕೊಂಡಿದೆಯೆಂದು ಸೂಚಿಸುವುದು ಅದರ ಎರಡೂ ಬದಿಯ ಒತ್ತಡದ ವ್ಯತ್ಯಾಸವನ್ನು ಅಳೆಯುವ ಸೆನ್ಸರ್. ಎಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿದಾಗ ಅದು ಸೊನ್ನೆಯ ಆಸುಪಾಸು ತೋರಬೇಕು. ತೋರದಿದ್ದರೆ ಮೊದಲು ಶಂಕಿಸಬೇಕಾದುದು ಸೆನ್ಸರನ್ನೇ. ಅದರ ಕೊಳವೆ ಬಿರುಕು ಬಿಟ್ಟಿದ್ದರೂ ಲೆಕ್ಕ ತಪ್ಪುತ್ತದೆ. ಇಂಜೆಕ್ಟರ್ ಸೋರುತ್ತಿದ್ದರೆ ಹೊಸ ಫಿಲ್ಟರ್ ಕೂಡ ಬಹುಕಾಲ ಬಾಳದು.

ಫಿಲ್ಟರನ್ನೇ ಕಿತ್ತೆಸೆದು ಸಾಫ್ಟ್‌ವೇರ್ ತಿದ್ದುವುದು ಇನ್ನೊಂದು ಅಡ್ಡದಾರಿ. ನಮ್ಮ ಮಾಲಿನ್ಯ ತಪಾಸಣಾ ಕೇಂದ್ರಗಳು ಡೀಸೆಲ್ ಹೊಗೆಯ ದಟ್ಟಣೆಯನ್ನಷ್ಟೇ ಅಳೆಯುತ್ತವೆ. ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳನ್ನು ಎಣಿಸುವುದಿಲ್ಲ. ನೆದರ್ಲೆಂಡ್ಸ್ 2023ರಿಂದ ವಾಹನ ತಪಾಸಣೆಯಲ್ಲಿ ಅವುಗಳನ್ನೂ ಎಣಿಸುತ್ತಿದೆ. ಅಂಥ ವ್ಯವಸ್ಥೆ ಇಲ್ಲಿಗೂ ಬರುವವರೆಗೆ, ಕಾರಿನ ಮಾಲೀಕ ಉಳಿಸಿದ ಹಣಕ್ಕೆ ಬೆಲೆ ತೆರುವುದು ಸಿಗ್ನಲ್‌ನಲ್ಲಿ ಹಿಂದೆ ನಿಂತ ಬೈಕ್ ಸವಾರನ ಶ್ವಾಸಕೋಶ.